‘ತೊಮ್ತೆ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಒಂದು ಪದಕ್ಕೆ ತಡಕಾಡುತ್ತಿದ್ದೇನೆ. ತೊಮ್ತೆ ಅಂದರೆ ಸ್ವೀಡನ್‌ನ ಜನಪದ ಕಥೆಗಳಲ್ಲಿ ಮನೆ, ದನಕರು ಕಾಯುವ ಪುಟ್ಟ ಮುದುಕ.

ಸ್ವೀಡನ್‌ನಲ್ಲಿರುವ ನಮ್ಮಕ್ಕ ನನ್ನ ಮಗಳಿಗೆಂದು ಒಂದು ಚಿತ್ರಪುಸ್ತಕ ಕಳಿಸಿದ್ದಾಳೆ. ವಿಕ್ಟರ್ ರಿಡ್‌ಬರ್ಗ್ 1881ರಲ್ಲಿ ಪ್ರಕಟಿಸಿದ ‘ತೊಮ್ತೆನ್’ ಪದ್ಯವನ್ನು ಆಸ್ಟ್ರಿಡ್ ಲಿಂಡ್‌ಗ್ರೆನ್ ಮಕ್ಕಳಿಗೆ ಕಥೆ ಮಾಡಿ ಹೇಳಿದ್ದಾರೆ. ಚಿತ್ರ ಹರಾಲ್ಡ್ ವಿಬರ್ಗ್ ಅವರದು. ಮಾಗಿಯ ನಡುರಾತ್ರಿ. ಮಾಡಿನ ಮೇಲೆಲ್ಲ ಹಿಮ. ಊರೆಲ್ಲ ಮಲಗಿದೆ, ತೊಮ್ತೆ ಒಬ್ಬನೇ ಎಚ್ಚರ. ಕೊಟ್ಟಿಗೆಗೆ ಹೋಗಿ ಹಸು ನೋಡುತ್ತಾನೆ, ಕುದುರೆ ನೋಡುತ್ತಾನೆ, ಮಲಗಿದ ಮಕ್ಕಳನ್ನೂ ನೋಡಿ ಬರುತ್ತಾನೆ. ಮೂಲಪದ್ಯದಲ್ಲಿ ಹಸುಗಳು ಬೆಳದಿಂಗಳಲ್ಲಿ ಬೇಸಿಗೆಯ ಕನಸು ಕಾಣುತ್ತವೆ. ಎಷ್ಟು ಚೆಂದ ಅಲ್ವಾ?

ರಾತ್ರಿ ಮಗಳಿಗೆ ಕನ್ನಡ ಮಾಡುತ್ತಾ ಓದುವಾಗ ಈ ತೊಮ್ತೆಯ ಹತ್ತಿರವೇ ನಿಂತುಬಿಡುತ್ತೇನೆ. (‘ಟ’ ಅಲ್ಲ, ಸ್ವೀಡಿಷರ ನಾಲಿಗೆ ಹಲ್ಲಿಗೆ ತಾಗುತ್ತದೆ, ನಮ್ಮ ‘ತ’ ಹತ್ತಿರ.) ‘ಕುಳ್ಳ’ ಅಂದರೆ ಬೈಗುಳದ ಹಾಗೆ ಕೇಳುತ್ತದೆ. ‘ಸಾಂತಾ’ ಅಂತೂ ಬೇಡ. ಈಗ ಸ್ವೀಡನ್‌ನಲ್ಲಿ ಕ್ರಿಸ್‌ಮಸ್ ಉಡುಗೊರೆ ತರುವವನನ್ನೂ ‘ಯೂಲ್‌ತೊಮ್ತೆ’ ಅನ್ನುತ್ತಾರೆ, ನಿಜ. ಆ ರೂಪ ಬೆಳೆದದ್ದರಲ್ಲಿ ಯೆನ್ನಿ ನ್ಯೂಸ್ಟ್ರೋಮ್ ಬರೆದ ಚಿತ್ರಗಳ ಪಾಲು ದೊಡ್ಡದು. ಇದೇ ಪದ್ಯಕ್ಕೆ ಮೊದಲು ಚಿತ್ರ ಬರೆದವರೂ ಅವರೇ. ಆದರೆ ಹಳೆಯ ತೊಮ್ತೆ ಏನನ್ನೂ ಹಂಚುವವನಲ್ಲ, ಮನೆ ಕಾಯುವವನು.

ಮಲೆನಾಡಿನವಳಾದ ನನಗೆ ತಕ್ಷಣ ನೆನಪಾದದ್ದು ನಮ್ಮ ಕಡೆಯ ಕಾವಲು ದೈವಗಳಾದ ಭೂತಪ್ಪ, ತೋಟದ ಚೌಡಿ. ಹೋಲಿಕೆ ಸುಮ್ನೆ ಹುಟ್ಟಿದ್ದಲ್ಲ. ತೊಮ್ತೆಗೂ ವರ್ಷಕ್ಕೊಮ್ಮೆ, ಕ್ರಿಸ್‌ಮಸ್ ಹಿಂದಿನ ರಾತ್ರಿ, ಬೆಣ್ಣೆ ಹಾಕಿದ ಗಟ್ಟಿ ಗಂಜಿ ಇಡಬೇಕು. ಒಂದು ಜನಪದ ಕಥೆಯಲ್ಲಿ ಮೇಲೆ ಬೆಣ್ಣೆ ಕಾಣಲಿಲ್ಲವೆಂದು ಸಿಟ್ಟಾಗಿ ಮನೆಯ ಹಸುವನ್ನೇ ಕೊಂದುಬಿಡುತ್ತಾನೆ. ಆಮೇಲೆ ಗಂಜಿ ಉಣ್ಣುತ್ತಾ ಹೋದರೆ ಬೆಣ್ಣೆ ತಳದಲ್ಲಿದೆ! ಪಾಪ, ಪಕ್ಕದ ಮನೆಯಿಂದ ಅಂಥದ್ದೇ ಹಸು ತಂದು ಕಟ್ಟುತ್ತಾನೆ. ಆದರೆ ಭೂತಪ್ಪನಿಗೆ ನಾವು ಕೈ ಮುಗಿಯುತ್ತೇವೆ, ಕಾಯಿ ಒಡೆಯುತ್ತೇವೆ. ತೊಮ್ತೆ ದೇವರಲ್ಲ, ಮನೆಯವರ ಜೊತೆ ಇರುವ ಮುದುಕ. ಆ ಹೆಸರಿಟ್ಟರೆ ಮಗು ಹೆದರೀತು.

ಪದದ ಬೇರು ನೋಡಿದೆ. ‘ತೊಮ್ತ್’ ಅಂದರೆ ಮನೆ ಇರುವ ಜಾಗ. ಇವತ್ತಿಗೂ ಅಲ್ಲಿ ಸೈಟಿಗೆ ಅದೇ ಮಾತು. ಅರ್ಥಕ್ಕೆ ಅರ್ಥ ಹೊಂದಿಸಿದರೆ ‘ವಾಸ್ತುಪುರುಷ’ ಸರಿಯಾಗಿ ಕೂರುತ್ತದೆ. ಆದರೆ ಅದನ್ನು ಕೇಳಿದರೆ ಕಣ್ಮುಂದೆ ಬರುವುದು ಮನೆಯ ನಕ್ಷೆ. ಕೆಂಪು ಟೊಪ್ಪಿ ಹಾಕಿ ಹಿಮದಲ್ಲಿ ಪುಟ್ಟ ಹೆಜ್ಜೆ ಇಡುವ ಮುದುಕ ಬರುವುದಿಲ್ಲ.

ಸ್ವೀಡಿಷ್‌ನಲ್ಲೇ ಅವನಿಗೆ ‘ತೊಮ್ತೆಗುಬ್ಬೆ’ ಎಂಬ ಹೆಸರೂ ಇದೆ. ‘ಗುಬ್ಬೆ’ ಅಂದರೆ ಮುದುಕ. ಹಾಗಾಗಿ ಸದ್ಯಕ್ಕೆ ‘ಹಿತ್ತಲಜ್ಜ’ ಅಂತ ಓದುತ್ತಿದ್ದೇನೆ. ಮಗಳಿಗೆ ಜಾಸ್ತಿ ಇಷ್ಟವಾಗಿದೆ. ಆದರೆ ಹಿತ್ತಲು ಮನೆಯ ಹಿಂದಿನ ಜಾಗ ಮಾತ್ರ. ಇವನ ಕಾವಲು ಮನೆ, ಅಂಗಳ, ಕೊಟ್ಟಿಗೆ, ಕಣಜ ಎಲ್ಲಕ್ಕೂ.

ಇಷ್ಟೂ ಸೇರಿದ ಜಾಗಕ್ಕೆ ನಿಮ್ಮ ಕಡೆ ಒಂದೇ ಮಾತು ಇದೆಯೇ? ‘ಬೀಡು’ ಅಂದರೆ ದೊಡ್ಡವರ ಮನೆ ಆಗಿಬಿಡುತ್ತದೆ. ಉತ್ತರ ಕರ್ನಾಟಕದವರು ‘ಮುತ್ಯಾ’ ಸೇರಿಸಿ ಏನಾದರೂ ಹೇಳುವಿರಾ? ದನಕರು ಕಾಯುವ ಇಂಥ ಪುಟ್ಟ ಜೀವದ ಕಥೆ ನಿಮ್ಮಜ್ಜಿ ಹೇಳಿದ್ದರೆ, ಅದನ್ನು ಅವರು ಏನೆಂದು ಕರೆಯುತ್ತಿದ್ದರು, ದಯವಿಟ್ಟು ತಿಳಿಸಿ.