ಪದ ಬೇಕು: ನರಕೋಶದ 'ಸ್ಪೈಕ್' ಮತ್ತು 'ಫೇಸ್ ಲಾಕಿಂಗ್'

ಪ್ರಶ್ನೆ:
ಗೆಳೆಯರೇ, ಕಿವಿ ಮತ್ತು ಕೇಳುವಿಕೆಯ ಬಗ್ಗೆ ಪ್ರದರ್ಶನದ ಫಲಕವೊಂದನ್ನು ಅನುವಾದ ಮಾಡುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ಸ್ಪೈಕ್‌ಗೆ (ನರಕೋಶದ ಕ್ಷಣಿಕ ವಿದ್ಯುತ್ ಸಂಕೇತ) 'ವಿದ್ಯುತ್ ಶೂಲ', ಫೇಸ್ ಲಾಕಿಂಗ್‌ಗೆ (ಸ್ಪೈಕ್‌ಗಳು ಸದ್ದಿನ ಅಲೆಯ ಸುತ್ತಿನಲ್ಲಿ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ, ಅಂದರೆ ಒಂದೇ ಫೇಸ್‌ನಲ್ಲಿ ಬರುವುದು) 'ಪ್ರಾವಸ್ಥಾ ಬಂಧನ' ಎಂದು ಹಾಕಿದ್ದೇನೆ. ಸರಿ ಇದೆಯಾ?

ಉತ್ತರ:
ಎರಡೂ ಬೇಡ ಸರ್. ಸ್ಪೈಕ್‌ಗೆ 'ಮಿಡಿತ' ಇದೆಯಲ್ಲ. ನಾಡಿ ಮಿಡಿಯುತ್ತದೆ, ತಂತಿ ಮಿಡಿಯುತ್ತೇವೆ. 'ಮಿಡಿ' ಅಂದರೆ ಥಟ್ಟನೆ ಚಿಮ್ಮಿ ಮುಗಿಯುವ ಕೆಲಸ. ನರಕೋಶದ ಸ್ಪೈಕ್ ಕೂಡ ಸುಮಾರು 1 ಮಿಲಿಸೆಕೆಂಡ್‌ನಲ್ಲಿ ಎದ್ದು ಇಳಿಯುತ್ತದೆ. 'ಶೂಲ' ಬರೀ ಗ್ರಾಫಿನ ಆಕಾರ ಹೇಳುತ್ತದೆ.

'ಬಂಧನ' ಅಂತೂ ತಪ್ಪು ಅರ್ಥವನ್ನೇ ಕೊಡುತ್ತದೆ. 500 ಹರ್ಟ್ಸ್ ಸದ್ದಿನಲ್ಲಿ ಒಂದು ಅಲೆಗೆ 2 ಮಿಲಿಸೆಕೆಂಡ್. ನರಕೋಶ ಪ್ರತಿ ಅಲೆಗೂ ಮಿಡಿಯುವುದಿಲ್ಲ, ಎಷ್ಟೋ ಅಲೆಗಳನ್ನು ಬಿಟ್ಟುಬಿಡುತ್ತದೆ. ಮಿಡಿದಾಗ ಮಾತ್ರ ಅಲೆಯ ಹೆಚ್ಚುಕಮ್ಮಿ ಅದೇ ಹಂತದಲ್ಲಿ ಮಿಡಿಯುತ್ತದೆ. ಅದಕ್ಕೇ ಎರಡು ಮಿಡಿತಗಳ ನಡುವಿನ ಅಂತರ 2, 4, 6 ಮಿಲಿಸೆಕೆಂಡ್‌ಗಳ ಸುತ್ತ ಗುಂಪುಗೂಡುತ್ತದೆ. ಇದು ಕಟ್ಟಿಹಾಕಿದ್ದಲ್ಲ. 'ಹಂತಹಿಡಿತ' ಎನ್ನಿ.

ಇನ್ನೊಂದು ಉತ್ತರ:
ಮಿಡಿತ ಒಪ್ಪಿದೆ. ಹಂತ ಒಪ್ಪುವುದಿಲ್ಲ. ಹಂತ ಅಂದರೆ ಮೆಟ್ಟಿಲು, ಹತ್ತಿದ ಮೇಲೆ ಮುಗಿಯಿತು. ಫೇಸ್ ಸುತ್ತು ಬರುವಂಥದ್ದು, 360 ಡಿಗ್ರಿ ಆದರೆ ಮತ್ತೆ ಸೊನ್ನೆ. ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ ಫೇಸ್ ಲಾಕಿಂಗ್ ಎಷ್ಟಿದೆ ಎಂದು ಅಳೆಯುವುದೇ ಹಾಗೆ. ಪ್ರತಿ ಮಿಡಿತವನ್ನೂ ವೃತ್ತದ ಮೇಲೆ ಅದರ ಫೇಸ್ ಇರುವ ದಿಕ್ಕಿಗೆ 1 ಉದ್ದದ ಬಾಣವಾಗಿ ಇಟ್ಟು ಎಲ್ಲದರ ಸರಾಸರಿ ತೆಗೆಯುತ್ತಾರೆ. ಬಾಣಗಳೆಲ್ಲ ಒಂದೇ ಕಡೆ ತಿರುಗಿದ್ದರೆ ಸರಾಸರಿ ಬಾಣದ ಉದ್ದ 1. ಸುತ್ತಲೂ ಸಮನಾಗಿ ಹರಡಿದ್ದರೆ 0. ಮೆಟ್ಟಿಲಿನ ಪದ ಇಲ್ಲಿ ಏನು ಹೇಳುತ್ತದೆ? 'ತ್ರೀ ಫೇಸ್ ಕರೆಂಟ್' ಎಲ್ಲರ ಬಾಯಲ್ಲೂ ಇದೆ. ಫೇಸ್ ಹಾಗೇ ಇರಲಿ.

ಉತ್ತರ:
ಬಾಯಲ್ಲಿರುವುದು ತಂತಿಯ ಫೇಸ್, ಅಲೆಯದ್ದಲ್ಲ. ಸುತ್ತು ಬರುವುದಕ್ಕೆ ಪದ ಬೇಕಿದ್ದರೆ ಚಂದ್ರ ಬೆಳೆದು ಕರಗುವ 'ಕಲೆ' ಇದೆ. ಹುಡುಕದೆ ಕೈಚೆಲ್ಲಬೇಡಿ.

ಇನ್ನೊಂದು ಉತ್ತರ:
ಕಲೆ ಸಂಸ್ಕೃತದಿಂದ ಬಂದದ್ದು ತಾನೇ? ಅಲ್ಲಿಂದ ತಂದರೆ ನಮ್ಮದು, ಇಂಗ್ಲಿಷಿನಿಂದ ತಂದರೆ ಮೈಲಿಗೆ. ಈ ಲೆಕ್ಕ ನಾನು ಒಪ್ಪಲ್ಲ. 'ಕಲೆಹಿಡಿತ' ಎಂದರೆ ಜನ ಬಟ್ಟೆಯ ಕಲೆ ಅಂದುಕೊಳ್ಳುತ್ತಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ನಾಮಪದವನ್ನೇ ಬಿಟ್ಟೆ. 'ನರಕೋಶ ಅಲೆಯ ಫೇಸ್ ಹಿಡಿದು ಮಿಡಿಯುತ್ತದೆ' ಎಂದು ಹಾಕುತ್ತಿದ್ದೇನೆ. ಒಂದರ ಹಿಂದೊಂದು ಬರುವ ಸ್ಪೈಕ್‌ಗಳಿಗೆ, ಅಂದರೆ ಸ್ಪೈಕ್ ಟ್ರೇನ್‌ಗೆ, 'ಮಿಡಿತದ ಸಾಲು' ಸಾಕಲ್ವಾ? ಚಿತ್ರದ ಕೆಳಗೆ ಜಾಗ ಜಾಸ್ತಿ ಇಲ್ಲ.