ನಂಪೈ ಸಿಂಕ್‌ನ ಸೊನ್ನೆಗಳು ಪುಸ್ತಕದ ಜಾಗದಲ್ಲಿ ಬೀಳುತ್ತಿಲ್ಲ, ಎಫ್‌ಎಫ್‌ಟಿ ಎತ್ತರ 200 ಬರುತ್ತಿದೆ

ನವನಗರ_ಹುಡುಗ (ಊರು ಬಾಗಲಕೋಟೆ, ಓದು ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಸಿಗ್ನಲ್ಸ್ ಲ್ಯಾಬ್‌ಗೆ ಒಂದು ಸಣ್ಣ ಪೈಥಾನ್ ಪ್ರೋಗ್ರಾಂ ಬರೆಯುತ್ತಿದ್ದೇನೆ. ಮೈನಸ್ 1ರಿಂದ 1 ಸೆಕೆಂಡಿನವರೆಗೆ ಎತ್ತರ 1 ಇರುವ ಚೌಕ ಪಲ್ಸ್ ಮಾಡಬೇಕು. ಅದರ ಎಫ್‌ಎಫ್‌ಟಿ (ಸಿಗ್ನಲ್‌ನಲ್ಲಿ ಯಾವ ಆವರ್ತನ ಎಷ್ಟಿದೆ ಅಂತ ತೋರಿಸುವ ಲೆಕ್ಕ) ತೆಗೆದು, ಪುಸ್ತಕದ ಉತ್ತರದ ಮೇಲೆ ಕೂರಿಸಿ ತೋರಿಸಬೇಕು. ಪುಸ್ತಕದಲ್ಲಿ ಉತ್ತರ 2·ಸೈನ್(ಒಮೇಗಾ) ÷ ಒಮೇಗಾ ಎಂದಿದೆ, ಒಮೇಗಾ ಅಂದರೆ ರೇಡಿಯನ್ ಲೆಕ್ಕದ ಆವರ್ತನ. ಅದು ಸಿಂಕ್ ಅಲ್ವಾ ಅಂತ ನಂಪೈನ (ಪೈಥಾನ್‌ನ ಗಣಿತದ ಲೈಬ್ರರಿ) ಸಿಂಕ್‌ಗೆ ಒಮೇಗಾ ಕೊಟ್ಟು 2ರಿಂದ ಗುಣಿಸಿದೆ.

ಎರಡು ಗ್ರಾಫ್‌ಗೂ ತಾಳಮೇಳ ಇಲ್ಲ. ಸಿಂಕ್ 1, 2, 3ರಲ್ಲಿ ಸೊನ್ನೆ ಮುಟ್ಟುತ್ತದೆ, ಎಫ್‌ಎಫ್‌ಟಿ 3.14, 6.28ರಲ್ಲಿ. ನಡುವಿನ ಎತ್ತರ 2 ಇರಬೇಕು, 200 ಬರುತ್ತಿದೆ. ರಿಯಲ್ ಭಾಗ ಒಂದು ಬಿಂದು ಮೇಲೆ, ಮುಂದಿನದು ಕೆಳಗೆ, ಗರಗಸದ ಹಲ್ಲಿನ ಹಾಗೆ. ಪಲ್ಸ್ ಎರಡೂ ಕಡೆ ಒಂದೇ ಥರ ಇದೆ, ಆದರೂ ಇಮ್ಯಾಜಿನರಿ ಭಾಗ ಸೊನ್ನೆ ಆಗುತ್ತಿಲ್ಲ.

ಸಮಯದ ಅರೇ (ಸಂಖ್ಯೆಗಳ ಸಾಲು) ಮಾಡಿದ್ದು ನಂಪೈನ ಅರೇಂಜ್ ಫಂಕ್ಷನ್‌ನಿಂದ: ಮೈನಸ್ 5ರಿಂದ 5, ಹೆಜ್ಜೆ 0.01. ಪಲ್ಸ್ ಅಂದರೆ ಟಿಯ ಆಬ್ಸಲ್ಯೂಟ್ 1 ಅಥವಾ ಅದಕ್ಕಿಂತ ಕಡಿಮೆ ಇದ್ದಲ್ಲಿ 1, ಉಳಿದ ಕಡೆ 0. ನಾಳೆ ಮಧ್ಯಾಹ್ನ ತೋರಿಸಬೇಕು. ಯಾರಾದರೂ ನೋಡ್ರಿ ಪ್ಲೀಸ್.

ಟಿಳಕವಾಡಿ_ಅಕ್ಕ

ತಮ್ಮಾ, ಗಾಬರಿ ಬೇಡ. ಪೈಥಾನ್ ಸರಿ ಇದೆ, ಪುಸ್ತಕವೂ ಸರಿ ಇದೆ. ಸಿಂಕ್ ಅನ್ನುವ ಹೆಸರಿನಲ್ಲಿ ಎರಡು ಫಂಕ್ಷನ್ ಓಡಾಡುತ್ತಿವೆ, ಅಷ್ಟೇ.

ನಿಮ್ಮ ಪುಸ್ತಕದ್ದು ಸೈನ್(ಎಕ್ಸ್) ÷ ಎಕ್ಸ್. ಸೊನ್ನೆಗಳು ಪೈ, 2ಪೈ, 3ಪೈನಲ್ಲಿ. ನಂಪೈನದು ಸೈನ್(ಪೈ·ಎಕ್ಸ್) ÷ (ಪೈ·ಎಕ್ಸ್). ಸೊನ್ನೆಗಳು 1, 2, 3ರಲ್ಲಿ. ಮ್ಯಾಟ್‌ಲ್ಯಾಬ್, ಆಕ್ಟೇವ್ ಕೂಡ ನಂಪೈ ಕಡೆಗೇ. ಆದರೆ ಪೈಥಾನ್‌ನದೇ ಇನ್ನೊಂದು ಲೈಬ್ರರಿ ಸಿಂಪೈ ಇದೆಯಲ್ಲ, ಅದರ ಸಿಂಕ್ ನಿಮ್ಮ ಪುಸ್ತಕದ ಥರ, ಪೈ ಇಲ್ಲದ್ದು. ಒಂದೇ ಪ್ರೋಗ್ರಾಂನಲ್ಲಿ ಎರಡನ್ನೂ ಕರೆದರೆ ಪಾಡು ನೋಡಿ!

ಪೈ ಇರುವ ರೂಪ ಎಂಜಿನಿಯರ್‌ಗಳಿಗೆ ಇಷ್ಟವಾಗಲು ಕಾರಣ ಇದೆ. ಅದರ ಒಟ್ಟು ವಿಸ್ತೀರ್ಣ ಸರಿಯಾಗಿ 1. ಸ್ಯಾಂಪ್ಲಿಂಗ್ ಮಾಡುವಾಗ ಪೂರ್ಣಾಂಕಗಳಲ್ಲೇ ಸೊನ್ನೆ ಬೀಳುತ್ತದೆ, ಹಾಗಾಗಿ ಒಂದು ಸ್ಯಾಂಪಲ್‌ನ ಸಿಂಕ್ ಪಕ್ಕದ ಸ್ಯಾಂಪಲ್‌ಗೆ ತೊಂದರೆ ಕೊಡುವುದಿಲ್ಲ. ಸಿಂಕ್ ಅಂತ ಹೆಸರಿಟ್ಟ ಫಿಲಿಪ್ ವುಡ್‌ವರ್ಡ್ 1952ರಲ್ಲಿ ಬಳಸಿದ್ದೂ ಈ ರೂಪವನ್ನೇ. ಪೈ ಇಲ್ಲದ ರೂಪದ ವಿಸ್ತೀರ್ಣ ಪೈ ಆಗುತ್ತದೆ.

ನಿಮ್ಮ ಕೆಲಸಕ್ಕೆ: ಅಡ್ಡ ಅಕ್ಷ ಒಮೇಗಾ ಆಗಿದ್ದರೆ ನಂಪೈ ಸಿಂಕ್‌ಗೆ ಒಮೇಗಾ ÷ ಪೈ ಕೊಡಿ. ಹರ್ಟ್ಸ್‌ನಲ್ಲಿ ಬೇಕೆಂದರೆ 2·ಸಿಂಕ್(2·ಎಫ್) ಬರೆಯಿರಿ, ಸೊನ್ನೆಗಳು 0.5, 1, 1.5 ಹರ್ಟ್ಸ್‌ಗೆ ಬರುತ್ತವೆ. ಸೈನ್ ಭಾಗಿಸು ಎಕ್ಸ್ ಅಂತ ಕೈಯಾರೆ ಬರೆಯಲು ಹೋಗಬೇಡಿ. ಎಕ್ಸ್ ಸೊನ್ನೆ ಆದ ಕಡೆ 0 ÷ 0 ಆಗಿ ನ್ಯಾನ್ (ಸಂಖ್ಯೆಯೇ ಅಲ್ಲ ಅನ್ನುವ ಗುರುತು) ಬರುತ್ತದೆ, ಗ್ರಾಫ್‌ನ ತುದಿಯೇ ಮಾಯ. ನಂಪೈ ಅಲ್ಲಿ 1 ಹಾಕಿಕೊಳ್ಳುತ್ತದೆ.

200ರ ಕಥೆ ಸುಲಭ. ಎಫ್‌ಎಫ್‌ಟಿಗೆ ನಿಮ್ಮ ಸೆಕೆಂಡು ಗೊತ್ತಿಲ್ಲ, ಸುಮ್ನೆ ಸ್ಯಾಂಪಲ್‌ಗಳನ್ನು ಕೂಡುತ್ತದೆ. 0.01ರಿಂದ ಗುಣಿಸಿ.

ಗರಗಸ ಬರುವುದು ಟಿ = 0 ಅರೇಯ ನಡುವೆ ಇರುವುದಕ್ಕೆ. ಎಫ್‌ಎಫ್‌ಟಿ ಮೊದಲ ಸ್ಯಾಂಪಲ್ ಅನ್ನೇ ಸಮಯ ಸೊನ್ನೆ ಅಂದುಕೊಳ್ಳುತ್ತದೆ. ಪಲ್ಸ್‌ಗೆ ಮೊದಲು ಐಎಫ್‌ಎಫ್‌ಟಿಶಿಫ್ಟ್ (ನಡುವಿನ ಸೊನ್ನೆಯನ್ನು ಅರೇಯ ಮೊದಲಿಗೆ ತರುತ್ತದೆ), ಆಮೇಲೆ ಎಫ್‌ಎಫ್‌ಟಿ, ಕೊನೆಗೆ ಎಫ್‌ಎಫ್‌ಟಿಶಿಫ್ಟ್ (ಸೊನ್ನೆ ಆವರ್ತನವನ್ನು ನಡುವಿಗೆ ತರುತ್ತದೆ).

ಇಮ್ಯಾಜಿನರಿ ಭಾಗದ ಬಗ್ಗೆ ನನಗೆ ಅನುಮಾನ ಇರುವುದು ನಿಮ್ಮ ಅರೇಂಜ್ ಮೇಲೆ. ಅರೇಯ 500ನೇ ಸ್ಥಾನದ ಟಿ ಪ್ರಿಂಟ್ ಮಾಡಿ, ಏನು ಬರುತ್ತದೆ ಹೇಳಿ.

ನವನಗರ_ಹುಡುಗ

ಅಕ್ಕಾ, ಸೊನ್ನೆಗಳು ಕೂತವು! ಎತ್ತರ 2.00 ಬಂತು. ಆದರೆ ಆ ಸ್ಥಾನದಲ್ಲಿ 0 ಇಲ್ಲ. ಮೈನಸ್ 1.0658, ಪಕ್ಕದಲ್ಲಿ ಇ ಮೈನಸ್ 13 (ಅಂದರೆ 10ರ ಮೈನಸ್ 13ನೇ ಘಾತ) ಅಂತಿದೆ. ಇಮ್ಯಾಜಿನರಿ ಭಾಗ ಇನ್ನೂ ಹಾಗೇ ಇದೆ, 0.01 ಎತ್ತರದ ಅಲೆ.

ಟಿಳಕವಾಡಿ_ಅಕ್ಕ

ಅದೇ ಕಳ್ಳ. 0.01 ಬೈನರಿಯಲ್ಲಿ ಪೂರ್ತಿ ಕೂರುವುದಿಲ್ಲ. ಅರೇಂಜ್ ಮೊದಲ ಎರಡು ಬೆಲೆಗಳ ವ್ಯತ್ಯಾಸವನ್ನೇ ಹೆಜ್ಜೆ ಮಾಡಿಕೊಂಡು ಮುಂದೆ ಹೋಗುತ್ತದೆ. ಅಲ್ಲಿನ ಕೂದಲೆಳೆಯ ತಪ್ಪು 500 ಪಟ್ಟು ಬೆಳೆಯುತ್ತದೆ. ಹಾಗಾಗಿ ಮೈನಸ್ 1 ಇರಬೇಕಾದ ಕಡೆ ಮೈನಸ್ 1ಕ್ಕಿಂತ ಒಂಚೂರು ಕಡಿಮೆ ಇದೆ, ನಿಮ್ಮ ಷರತ್ತು ಅದನ್ನು ಹೊರಗೆ ಹಾಕಿತು. ಬಲಗಡೆಯ 1 ಒಳಗೇ ಉಳಿಯಿತು. ಪಲ್ಸ್ ಎಡಕ್ಕೆ ಒಂದು ಸ್ಯಾಂಪಲ್ ಮೋಟು. ಎರಡೂ ಕಡೆ ಸಮ ಇಲ್ಲ, ಅದಕ್ಕೇ ಇಮ್ಯಾಜಿನರಿ ಅಲೆ. ನಿಮಗೆ 2.00 ಬಂದದ್ದೂ ಈ ಮೋಟು ಪಲ್ಸ್‌ನ ಪುಣ್ಯದಿಂದ.

ಪೂರ್ಣಾಂಕದ ಅರೇ ಮಾಡಿ: ಮೈನಸ್ 500ರಿಂದ 499. ಆಮೇಲೆ 100ರಿಂದ ಭಾಗಿಸಿ. 0, 1, ಮೈನಸ್ 1 ಚೊಕ್ಕವಾಗಿ ಬರುತ್ತವೆ.

ಗುಮ್ಮಟ_ಎಕೋ (ವಿಜಯಪುರ)

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸ್ರಿ. ನನ್ನ ಪ್ರಶ್ನೆಯೂ ಇದರ ಅಣ್ಣತಮ್ಮಂದಿರ ಪೈಕಿ. ಯೂನಿಟ್ ಇಂಪಲ್ಸ್ ಅಂತ ಟಿ = 0ರಲ್ಲಿ 1, ಉಳಿದೆಡೆ 0 ಇಟ್ಟೆ. ಎಫ್‌ಎಫ್‌ಟಿ ತೆಗೆದು 0.01ರಿಂದ ಗುಣಿಸಿದರೆ ಎಲ್ಲ ಕಡೆ 0.01 ಬರುತ್ತದೆ. ಪುಸ್ತಕದ ಪ್ರಕಾರ 1 ಬರಬೇಕು.

ಇದು ಯಾಕೆ ಬೇಕೆಂದರೆ, ಗೋಳಗುಮ್ಮಟದ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ದೇನೆ. ಅದನ್ನು ಇಂಪಲ್ಸ್ ರೆಸ್ಪಾನ್ಸ್ (ಒಂದು ಚುಟುಕು ಸದ್ದಿಗೆ ಗುಮ್ಮಟ ಕೊಡುವ ಉತ್ತರ) ಆಗಿ ಬಳಸಿ, ಮನೆಯಲ್ಲಿ ಹಾಡಿದ ವಚನ ಗುಮ್ಮಟದೊಳಗೆ ಹಾಡಿದ ಹಾಗೆ ಕೇಳಿಸಬೇಕು ಅಂತ ಆಸೆ.

ಟಿಳಕವಾಡಿ_ಅಕ್ಕ

ಒಳ್ಳೆ ಆಸೆ ರೀ! ನಿರಂತರ ಸಮಯದ ಇಂಪಲ್ಸ್‌ಗೆ ಎತ್ತರ ಅನ್ನುವುದೇ ಇಲ್ಲ, ಅದರ ವಿಸ್ತೀರ್ಣ 1. ನಿಮ್ಮ ಸ್ಯಾಂಪಲ್‌ನ ಅಗಲ 0.01, ಎತ್ತರ 1, ವಿಸ್ತೀರ್ಣ 0.01 ಆಯಿತು. ಎತ್ತರ 100 ಇಡಿ, ಉತ್ತರ 1 ಬರುತ್ತದೆ. ಡಿಸ್ಕ್ರೀಟ್, ಅಂದರೆ ಬಿಡಿಬಿಡಿ ಸ್ಯಾಂಪಲ್‌ಗಳ ಇಂಪಲ್ಸ್ ಬೇರೆ ಫಂಕ್ಷನ್. ಅದರ ಎತ್ತರವೇ 1, ಅಲ್ಲಿ 0.01ರಿಂದ ಗುಣಿಸುವ ಮಾತೇ ಇಲ್ಲ. ಎರಡನ್ನೂ ಡೆಲ್ಟಾ ಅಂತಲೇ ಬರೆಯುವುದರಿಂದ ಕಲಸುಮೇಲೋಗರ.

ಚಪ್ಪಾಳೆಯ ಬಗ್ಗೆ ಒಂದು ಮಾತು. ಅದು ನಿಜವಾದ ಇಂಪಲ್ಸ್ ಅಲ್ಲ, ಕೆಲವು ಮಿಲಿಸೆಕೆಂಡು ಎಳೆಯುತ್ತದೆ, ತಗ್ಗಿನ ಸ್ವರಗಳಲ್ಲಿ ಶಕ್ತಿ ಕಡಿಮೆ. ವಚನ ಸ್ವಲ್ಪ ತೆಳುವಾಗಿ ಕೇಳಿಸೀತು. ಪರವಾಗಿಲ್ಲ. ಗುಮ್ಮಟದ ಒಳಗಿನ ಅಡ್ಡಗಲ ಸುಮಾರು 38 ಮೀಟರ್. ಶಬ್ದಕ್ಕೆ ಅದನ್ನು ದಾಟಲು 0.11 ಸೆಕೆಂಡು, ಹೋಗಿ ಬರಲು 0.22. ಹಾಗಾಗಿ ರೆಕಾರ್ಡಿಂಗ್‌ನ ಬಾಲ ಬೇಗ ಕತ್ತರಿಸಬೇಡಿ, ಪ್ರತಿಧ್ವನಿ ಪೂರ್ತಿ ಸಾಯುವ ತನಕ ಬಿಡಿ. ಶಾಲೆ ಟ್ರಿಪ್ ಬಂದ ದಿನದ ರೆಕಾರ್ಡಿಂಗ್ ಆಗಿದ್ದರೆ ಮಾತ್ರ ಬೇರೆ ದಿನ ಹೋಗಿ.

ನವನಗರ_ಹುಡುಗ

ಅಕ್ಕಾ, ಇಮ್ಯಾಜಿನರಿ ಭಾಗ ಸೊನ್ನೆ ಆಯಿತು. ಆದರೆ ಈಗ ಎತ್ತರ 2.01! ಮೊದಲೇ ಚೆನ್ನಾಗಿತ್ತಲ್ಲ ಅನ್ನಿಸುತ್ತಿದೆ.

ಟಿಳಕವಾಡಿ_ಅಕ್ಕ

ಹ್ಹಹ್ಹ. ಈಗ ಎರಡೂ ತುದಿ ಒಳಗೆ ಬಂದವು, ಸ್ಯಾಂಪಲ್ 201 ಆದವು. ಪಲ್ಸ್ ಸರಿಯಾಗಿ ಜಿಗಿಯುವ ಬಿಂದುವಿನಲ್ಲಿ ಅದರ ಬೆಲೆ ಎಷ್ಟು? ಕಾಗದದ ಮೇಲೆ ಇಂಟಿಗ್ರಲ್ ಮಾಡುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಸ್ಯಾಂಪಲ್ ಮಾಡಿದಾಗ ಒಂದೊಂದು ತುದಿಗೂ ಬೆಲೆ ಇದೆ.

ಜಿಗಿತದ ನಡುಮಧ್ಯದ ಬೆಲೆ, ಅಂದರೆ ಅರ್ಧ ಇಡಿ. ಫೂರಿಯರ್ ಸರಣಿಯೂ ಜಿಗಿತದಲ್ಲಿ ಹೋಗಿ ನಿಲ್ಲುವುದು ಆ ಅರ್ಧಕ್ಕೇ. ನಂಪೈನ ಹೆವಿಸೈಡ್ ಫಂಕ್ಷನ್ ಬಳಸಿ, ಅದು ಸೊನ್ನೆಗೆ ಮುಂಚೆ 0, ಆಮೇಲೆ 1 ಇರುವ ಸ್ಟೆಪ್. ಸೊನ್ನೆಯಲ್ಲಿ ಸ್ಟೆಪ್‌ನ ಬೆಲೆ ಎಷ್ಟು ಅಂತ ಅದು ನಿಮ್ಮನ್ನೇ ಕೇಳುತ್ತದೆ, ಎರಡನೇ ಆರ್ಗ್ಯುಮೆಂಟ್ ಅದೇ. 0.5 ಕೊಡಿ. ಟಿ + 1ರ ಸ್ಟೆಪ್‌ನಿಂದ ಟಿ − 1ರ ಸ್ಟೆಪ್ ಕಳೆಯಿರಿ. ಒಳಗಡೆ 199 ಸ್ಯಾಂಪಲ್, ತುದಿಗೆ ಎರಡು ಅರ್ಧ. ಒಟ್ಟು 200.

ಲ್ಯಾಬ್‌ನಲ್ಲಿ ಸ್ಟೆಪ್‌ಗೆ ಸೊನ್ನೆಯಲ್ಲಿ 1 ಅಂತ ಹೇಳಿಕೊಟ್ಟಿರುತ್ತಾರೆ. ಡಿಸ್ಕ್ರೀಟ್ ಸ್ಟೆಪ್‌ಗೆ ಅದೇ ಸರಿ, ಅಲ್ಲಿ ಅರ್ಧ ಹಾಕಲು ಹೋಗಬೇಡಿ.

ನವನಗರ_ಹುಡುಗ

2.00 ಬಂತು, ಇಮ್ಯಾಜಿನರಿಯೂ ಸೊನ್ನೆ, 0.5 ಹರ್ಟ್ಸ್‌ನಲ್ಲಿ ಸೊನ್ನೆ ಕಚ್ಚಿ ಕೂತಿದೆ! ಬಹಳ ಉಪಕಾರ ಆಯ್ತು ಅಕ್ಕಾ. ಒಂದೇ ಒಂದು: ಗ್ರಾಫ್ ಅನ್ನು 50 ಹರ್ಟ್ಸ್ ತನಕ ಹಿಗ್ಗಿಸಿದರೆ ಕೊನೆಕೊನೆಗೆ ಎರಡೂ ಗೆರೆ ಬೇರೆ ಆಗುತ್ತಿವೆ.

ಟಿಳಕವಾಡಿ_ಅಕ್ಕ

ಆಗಲೇಬೇಕು. ಚೌಕ ಪಲ್ಸ್‌ನ ಸ್ಪೆಕ್ಟ್ರಮ್ (ಆವರ್ತನಗಳ ಹರವು) ಎಲ್ಲಿಯೂ ಮುಗಿಯುವುದಿಲ್ಲ, ನೀವು ಸೆಕೆಂಡಿಗೆ 100 ಸ್ಯಾಂಪಲ್ ಮಾತ್ರ ತೆಗೆದಿದ್ದೀರಿ. 50ರ ಆಚೆಯದ್ದು ಮಡಚಿಕೊಂಡು ಈಚೆಗೆ ಬರುತ್ತದೆ. 5 ಹರ್ಟ್ಸ್‌ವರೆಗೆ ವ್ಯತ್ಯಾಸ ಶೇಕಡಾ 1ಕ್ಕಿಂತ ಕಡಿಮೆ. ಅಷ್ಟಕ್ಕೇ ಪ್ಲಾಟ್ ಮಾಡಿ. ಮುಂದಿನದನ್ನು ಯಾರಾದರೂ ಕೇಳಿದರೆ ಅಲಿಯಾಸಿಂಗ್ ಅಂತ ಹೇಳಿ, ಬೇಕಿದ್ದರೆ ಹೆಜ್ಜೆಯನ್ನು 0.001 ಮಾಡಿ ತೋರಿಸಿ. ಗುಣಿಸುವ ಸಂಖ್ಯೆಯನ್ನೂ ಆಗ 0.001 ಮಾಡಬೇಕು.