ಗೀಸರ್ ಎಲ್ಲಿ ಕೂರಿಸಬೇಕು: ಬಚ್ಚಲಲ್ಲೋ, ಅಡುಗೆಮನೆ ಅಟ್ಟದಲ್ಲೋ?

ಪ್ರಶ್ನೆ: ನಮಸ್ಕಾರ ಅಣ್ಣ. ಪರ್ಕಳದಲ್ಲಿ ನಮ್ಮ ಮನೆ, ಕೆಂಪು ಕಲ್ಲಿನ ಗೋಡೆ. ಇಷ್ಟು ವರ್ಷ ಹಂಡೆಯಲ್ಲೇ ನೀರು ಕಾಯಿಸಿದ್ದು. ಅಮ್ಮನಿಗೆ ಈಗ ಬಗ್ಗಿ ಬೆಂಕಿ ಮಾಡಲು ಆಗುವುದಿಲ್ಲ, ಮಳೆಗಾಲದಲ್ಲಿ ಸೌದೆ ಹೊತ್ತುವುದೂ ಇಲ್ಲ. ಕೆಳಗೊಂದು ಬಚ್ಚಲು, ಮಹಡಿಯಲ್ಲೊಂದು ಬಾತ್‌ರೂಮ್. 25 ಲೀಟರಿನ ಒಂದೇ ಗೀಸರ್ ಅಡುಗೆಮನೆ ಅಟ್ಟದಲ್ಲಿಟ್ಟು ಎರಡಕ್ಕೂ ಪೈಪ್ ಎಳೆಯೋಣ ಅಂತಾರೆ ನಮ್ಮವರು. ಆಗುತ್ತದಾ?

ಉತ್ತರ (ಪ್ಲಂಬರ್): ಅಕ್ಕ, ಅಟ್ಟದಿಂದ ಬಚ್ಚಲಿನ ನಲ್ಲಿಗೆ ಪೈಪ್ ಎಷ್ಟು ಉದ್ದ ಬರುತ್ತದೆ, ಮೊದಲು ಅಳೆದು ನೋಡಿ. ಮುಕ್ಕಾಲು ಇಂಚಿನ ಪೈಪ್ 35 ಅಡಿ ಇದ್ದರೆ ಅದರೊಳಗೇ ಎರಡೂವರೆ ಲೀಟರಿಗಿಂತ ಜಾಸ್ತಿ ನೀರು ನಿಲ್ಲುತ್ತದೆ. ನಲ್ಲಿ ತಿರುಗಿಸಿದಾಗ ಮೊದಲು ಆ ತಣ್ಣೀರೇ ಬರುವುದು. ಅಮ್ಮ ಚಳಿಯಲ್ಲಿ ಕಾಯಬೇಕು. ನಲ್ಲಿ ನಿಲ್ಲಿಸಿದ ಮೇಲೆ ಪೈಪಿನಲ್ಲಿ ಉಳಿದ ಬಿಸಿನೀರು ಸುಮ್ನೆ ತಣಿಯುತ್ತದೆ, ಅದಕ್ಕೂ ಕರೆಂಟ್ ಹೋಗಿದೆ ಅಲ್ವಾ?

ನನ್ನ ಮಾತು ಕೇಳಿದರೆ 15 ಲೀಟರಿನದನ್ನು ಅಮ್ಮನ ಬಚ್ಚಲಿಗೇ ಹಾಕಿ. 60 ಡಿಗ್ರಿಗೆ ಕಾದರೆ ತಣ್ಣೀರು ಬೆರೆಸಿ ಹೆಚ್ಚುಕಡಿಮೆ ಎರಡು ಬಕೆಟ್ ಆಗುತ್ತದೆ. ಮಹಡಿಗೆ ಬೇಕಿದ್ದರೆ ಆಮೇಲೆ ಇನ್ನೊಂದು ಸಣ್ಣದು ಹಾಕಿದರಾಯ್ತು.

ಇನ್ನು ಗೋಡೆ. ನನಗೆ ಹೆಚ್ಚು ಹೆದರಿಕೆ ಇದರದ್ದೇ. ಕೆಂಪು ಕಲ್ಲು ಹೊರಗೆ ಗಟ್ಟಿ, ಒಳಗೆ ಗೆದ್ದಲು ತಿಂದ ಹಾಗೆ ತೂತು. ಹೋದ ವರ್ಷ ಒಂದು ಮನೆಯಲ್ಲಿ ಗೀಸರ್ ಓರೆಯಾಗಿದೆ ಅಂತ ಕರೆದಿದ್ದರು. ಬೋಲ್ಟನ್ನು ಬೆರಳಲ್ಲೇ ಎಳೆದೆ, ಒಂದು ಹಿಡಿ ಕೆಂಪು ಪುಡಿಯ ಜೊತೆ ಕೈಗೆ ಬಂತು. 15 ಲೀಟರಿನದೂ ನೀರು ತುಂಬಿದರೆ 20 ಕಿಲೋ ದಾಟುತ್ತದೆ. ಕೆಳಗೆ ಅಮ್ಮ ಕೂತು ಸ್ನಾನ ಮಾಡುವುದು. ಹಾಗಾಗಿ ಬೋಲ್ಟ್ ಕಾಂಕ್ರೀಟ್ ಲಿಂಟಲಿಗೋ ಬೀಮಿಗೋ ಬೀಳಬೇಕು. ಅದು ಸಿಗದಿದ್ದರೆ ಗೋಡೆಗೆ ಆರಪಾರ ತೂತು ಕೊರೆದು, ಆಚೆ ಬದಿ ಕಬ್ಬಿಣದ ಪಟ್ಟಿ ಕೊಟ್ಟು ನಟ್ ಬಿಗಿಯಬೇಕು. ಸ್ನಾನದ ಮಣೆಯ ನೇರ ಮೇಲೆ ಮಾತ್ರ ಬೇಡ.

ಪ್ರಶ್ನೆ: ಅಕ್ಕನ ಮನೆ ಗೀಸರಿನ ವಾಲ್ವಿನಿಂದ ಹನಿ ಬೀಳುತ್ತದೆ. ಪ್ಲಗ್ಗಿನ ಮೇಲೆ ಬಿದ್ದರೆ?

ಉತ್ತರ: ನೀರು ಕಾದಾಗ ಹಿಗ್ಗುತ್ತದೆ, ಆ ಹನಿ ಬೀಳಲೇಬೇಕು. ಅದನ್ನು ಯಾವತ್ತೂ ಮುಚ್ಚಬೇಡಿ, ಒತ್ತಡ ಏರಿ ಟ್ಯಾಂಕ್ ಒಡೆಯಬಹುದು. ವಾಲ್ವಿಗೆ ಒಂದು ಸಣ್ಣ ಟ್ಯೂಬ್ ಹಾಕಿ ನೆಲದವರೆಗೆ ಇಳಿಸಿ. ಪ್ಲಗ್ ಗೀಸರಿನ ಕೆಳಗೆ ಬರಬಾರದು, ಸ್ವಿಚ್ ಬಚ್ಚಲಿನ ಹೊರಗಿರಲಿ. 2000 ವ್ಯಾಟಿನದು ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ, 16 ಆಂಪಿನ ಪಾಯಿಂಟ್ ಬೇಕು. ಹಳೇ ಮನೆಯಾದರೆ ಎಲೆಕ್ಟ್ರಿಷಿಯನ್ ಹತ್ತಿರ ಅರ್ಥಿಂಗ್ ನೋಡಿಸದೆ ಗೀಸರ್ ಆನ್ ಮಾಡಲೇಬೇಡಿ.

ಇನ್ನೊಬ್ಬರು: ನಮ್ಮಲ್ಲಿ ಗ್ಯಾಸ್ ಗೀಸರ್, ಬಾತ್‌ರೂಮಿನ ಒಳಗೇ ಇದೆ. ತೊಂದರೆ ಇಲ್ಲ ಅಲ್ವಾ?

ಉತ್ತರ: ತೊಂದರೆ ಇದೆ ಅಣ್ಣ. ಬಾಗಿಲು ಹಾಕಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ಸ್ನಾನ ಮಾಡುತ್ತಿದ್ದವರು ಹಾಗೇ ಕುಸಿದು ಬೀಳುತ್ತಾರೆ. ಹೊರಗಿನ ಗೋಡೆಗೆ, ಮಳೆ ಇರಚಲು ಹೊಡೆಯದ ಕಡೆ ಹಾಕಿಸಿ. ಅಲ್ಲಿಯವರೆಗೆ ನೀರು ಬಕೆಟಿಗೆ ತುಂಬಿಸಿ, ಗ್ಯಾಸ್ ಆಫ್ ಮಾಡಿ, ಕೋಣೆಗೆ ಗಾಳಿ ಆಡಿದ ಮೇಲೆ ಸ್ನಾನಕ್ಕೆ ಹೋಗಿ. ಇವತ್ತಿನಿಂದಲೇ.